ಅಕ್ಕಯ್ಯಮ್ಮ ಕೇಳಬಾರದಿದ್ದ ಜಾಗ

ಕೆರೆಯ ಏರಿಯ ಮೇಲೆ ಪಾರ್ಕು ಆದಂದಿನಿಂದ ಅಕ್ಕಯ್ಯಮ್ಮ ಭಾನುವಾರದ ಸಂಜೆಯನ್ನು ತಪ್ಪಿಸಿದವಳಲ್ಲ. ಜಂಗಮಕೋಟೆಯಿಂದ ತುಸು ಒಳಕ್ಕಿರುವ ಆ ಊರಿನಲ್ಲಿ ಹೆಂಗಸರು ಕೆಲಸವಿಲ್ಲದೆ ಮನೆಯಿಂದ ಹೊರಡುವುದು, ಹೊರಟು ಒಂದು ಕಡೆ ಸುಮ್ಮನೆ ಕುಳಿತುಕೊಳ್ಳುವುದು, ಎರಡೂ ಹೊಸ ರೂಢಿಗಳು. ಪಂಚಾಯಿತಿಯವರು ಕಲ್ಲುಬೆಂಚು ಹಾಕಿಸಿ, ಮಕ್ಕಳಿಗೆ ಉಯ್ಯಾಲೆ, ಜಾರುಬಂಡೆ ನಿಲ್ಲಿಸಿ, ಹಂಸದ ಆಕಾರದ ಪೆಡಲ್ ದೋಣಿಗಳನ್ನು ತಂದು ನೀರಿಗೆ ಬಿಟ್ಟ ಮೇಲೆ ಆ ರೂಢಿ ತಾನಾಗಿ ಬೆಳೆಯಿತು. ಸಂಜೆಯಾದರೆ ಹಿಪ್ಪುನೇರಳೆ ಸೊಪ್ಪಿನ ಕರೆ ಕೈಗಂಟಿದ ಹೆಂಗಸರು ಮುಖ ತೊಳೆದು, ಸೀರೆ ಬದಲಾಯಿಸಿ, ಏರಿಯ ಉದ್ದಕ್ಕೂ ಬೀಸುಗಾಲು ಹಾಕುತ್ತಿದ್ದರು. ಸಕ್ಕರೆ ಕಾಯಿಲೆಯ ಡಾಕ್ಟರು ನಡೆಯಬೇಕೆಂದು ಹೇಳಿದ್ದಾರೆ ಎಂಬ ಮಾತು ಎಲ್ಲರಿಗೂ ಒದಗಿಬರುತ್ತಿತ್ತು.

ಅಕ್ಕಯ್ಯಮ್ಮ ಮಾತ್ರ ನಡೆಯುತ್ತಿರಲಿಲ್ಲ. ಪಕ್ಕದ ಮನೆಯ ಗಂಗುಲಮ್ಮನ ಜೊತೆ ಬರುವಳು. ತೂಬಿನ ಹತ್ತಿರದ ಕೊನೆಯ ಬೆಂಚಿನ ಮೇಲೆ ಕೂರುವಳು. ಬೆಳಕಿರುವಷ್ಟು ಹೊತ್ತೂ ನೀರನ್ನು ನೋಡುವಳು.

“ಏನಕ್ಕಾ, ನಿಮ್ಮಪ್ಪ ಏನಾದ್ರೂ ಗಂಟು ಬಚ್ಚಿಟ್ಟವ್ನಾ ಆ ನೀರಲ್ಲಿ? ಕಣ್ಣು ಮಿಟುಕಿಸ್ದಂಗೆ ನೋಡ್ತೀಯಲ್ಲ” ಎಂದು ಗಂಗುಲಮ್ಮ ಒಂದು ಸುತ್ತು ಮುಗಿಸಿ ಬಂದು ಏದುಸಿರಿನಲ್ಲೇ ಕೆಣಕುತ್ತಿದ್ದಳು.

“ಗಾಳಿ ಚೆನ್ನಾಗೈತೆ ಕಣೇ. ನೀನು ಇನ್ನೊಂದ್ ಸುತ್ತು ಹಾಕ್ಕೊಂಡ್ ಬಾ, ಸೊಂಟ ಇನ್ನೂ ಬಾಗಿಲಗಲ ಐತೆ” ಎನ್ನುತ್ತಿದ್ದಳು ಅಕ್ಕಯ್ಯಮ್ಮ. ಗಂಗುಲಮ್ಮ ನಗುತ್ತ ಮುಂದೆ ಹೋಗುತ್ತಿದ್ದಳು. ಅಕ್ಕಯ್ಯಮ್ಮ ಮತ್ತೆ ನೀರಿನ ಕಡೆಗೆ ತಿರುಗುತ್ತಿದ್ದಳು.

ಅವಳು ಹುಡುಕುತ್ತಿದ್ದದ್ದು ಒಂದು ಜಾಗವನ್ನು. ಅವಳ ಮೊದಲ ಮಗು ಆ ಕೆರೆಯಂಗಳದಲ್ಲಿ ಎಲ್ಲೋ ಇತ್ತು.

ಹೆಣ್ಣುಮಗು. ಪುರುಡು ಕಳೆಯುವ ಮೊದಲೇ, ಹೆಸರಿಡುವ ಮೊದಲೇ ಹೋಯಿತು. ಬೆಳಗಿನ ಜಾವ ಹಾಲು ಕುಡಿದ ಮಗು ಬಿಸಿಲೇರುವ ಹೊತ್ತಿಗೆ ತಣ್ಣಗಾಗಿತ್ತು. ಆಗ ಅಕ್ಕಯ್ಯಮ್ಮನಿಗೆ ಇಪ್ಪತ್ತು ದಾಟಿತ್ತಷ್ಟೆ. ಬಾಣಂತಿಯ ಕೋಣೆಯಲ್ಲಿ ಕಿವಿಗೆ ಬಟ್ಟೆ ಕಟ್ಟಿಕೊಂಡು ಕುಳಿತಿದ್ದ ಅವಳ ಮಡಿಲಿನಿಂದ ಅತ್ತೆ ಮಂಗಮ್ಮ ಮಗುವನ್ನು ಎತ್ತಿಕೊಂಡು ಹೊರಗೆ ಹೋದಳು. ಹೊಸಿಲಿನಾಚೆ ನಿಂತಿದ್ದ ಗಂಡ ಮುನಿಶಾಮಪ್ಪನ ಕಾಲುಗಳು ಮಾತ್ರ ಅವಳಿಗೆ ಕಂಡವು. ಅವನೂ ಅವನ ಸೋದರಮಾವನೂ ಗುದ್ದಲಿ ಹಿಡಿದು ಹೋಗಿ, ಮಧ್ಯಾಹ್ನ ಬಾವಿಯಲ್ಲಿ ಮಿಂದು ಒದ್ದೆ ಬಟ್ಟೆಯಲ್ಲಿ ಹಿಂದಿರುಗಿದರು. ಎಲ್ಲಿ ಮಣ್ಣು ಮಾಡಿದರೆಂದು ಯಾರೂ ಹೇಳಲಿಲ್ಲ.

ಹೇಳುವ ಪದ್ಧತಿಯೂ ಇರಲಿಲ್ಲ. ಹಸುಗೂಸನ್ನು ಮಣ್ಣು ಮಾಡಿದ ಜಾಗ ಹೆತ್ತವಳಿಗೆ ತಿಳಿಯಬಾರದು. ತಿಳಿದರೆ ಅವಳ ಕಾಲು ಅಲ್ಲಿಗೇ ಎಳೆಯುತ್ತದೆ, ಮುಂದಿನ ಬಸಿರು ನಿಲ್ಲುವುದಿಲ್ಲ ಎಂಬುದು ಆ ಮನೆಗಳ ನಂಬಿಕೆ. ಅಕ್ಕಯ್ಯಮ್ಮ ಒಮ್ಮೆ ಕೇಳಿದಾಗ ಮಂಗಮ್ಮ ಸಿಟ್ಟಾಗಲಿಲ್ಲ, ತಲೆಗೆ ಎಣ್ಣೆ ತಟ್ಟುತ್ತ, “ಅದನ್ನ ಕೇಳ್ಬಾರ್ದು ಕಣಮ್ಮ. ನಾನೂ ಕೇಳಿಲ್ಲ, ನಮ್ಮತ್ತೇನೂ ಕೇಳಿರ್ಲಿಲ್ಲ” ಎಂದಳು. ಆ ಮಾತಿನಿಂದ ಅತ್ತೆಯ ಒಡಲಲ್ಲೂ ಅಂಥದೊಂದು ಇತ್ತೆಂದು ಅಕ್ಕಯ್ಯಮ್ಮನಿಗೆ ತಿಳಿಯಿತು. ಕೆರೆಯಂಗಳ ಎಂಬಷ್ಟು ಮಾತ್ರ ಸೋದರಮಾವನ ಬಾಯಿಂದ ಎಂದೋ ಜಾರಿತ್ತು. ಹೊಲದಲ್ಲಿಟ್ಟರೆ ಒಂದಲ್ಲ ಒಂದು ದಿನ ನೇಗಿಲು ತಾಗುತ್ತದೆ, ಕೆರೆಯಂಗಳವನ್ನು ಯಾರೂ ಉಳುವುದಿಲ್ಲ, ಮಗು ನೆಮ್ಮದಿಯಾಗಿರುತ್ತದೆ ಎಂದು ಅವನೇ ಜಾಗ ಆರಿಸಿದ್ದನಂತೆ. ಅವನು ತೀರಿಕೊಂಡು ಬಹಳ ಕಾಲವಾಯಿತು. ಮಂಗಮ್ಮನೂ ಹೋದಳು. ಈಗ ಆ ಜಾಗ ಬಲ್ಲವನು ಮುನಿಶಾಮಪ್ಪ ಒಬ್ಬನೇ.

ಆ ಕಾಲಕ್ಕೆ ಕೆರೆ ಬತ್ತಿ ಹಲವು ವರ್ಷಗಳಾಗಿದ್ದವು. ಅಂಗಳದ ತುಂಬ ಸೀಮೆಜಾಲಿ ಬೆಳೆದಿತ್ತು. ಊರಿನ ದನ ಮೇಯುವುದು ಅಲ್ಲೇ, ಸೌದೆ ಕಡಿಯುವುದು ಅಲ್ಲೇ, ಹುಡುಗರು ಕ್ರಿಕೆಟ್ ಆಡುವುದೂ ಅಲ್ಲೇ. ಅಕ್ಕಯ್ಯಮ್ಮ ಹಸು ಹೊಡೆದುಕೊಂಡು ಅಂಗಳಕ್ಕೆ ಇಳಿಯುವಾಗ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದಳು. ಜಾಲಿ ಮುಳ್ಳು ಎಷ್ಟೋ ಸಲ ಅಂಗಾಲಿಗೆ ಇಳಿದಿದ್ದುಂಟು. ಯಾವ ಹೆಜ್ಜೆ ಮಗುವಿನ ಮೇಲೆ ಬೀಳುವುದೋ ತಿಳಿಯದಿದ್ದುದರಿಂದ ಎಲ್ಲ ಹೆಜ್ಜೆಗಳನ್ನೂ ಅವಳು ಹಗುರವಾಗಿ ಇಡಬೇಕಾಗಿತ್ತು. ನೋಡಿದವರು ಅದನ್ನು ಕೆರೆಯ ದೇವತೆ ಗಂಗಮ್ಮನ ಮೇಲಿನ ಭಕ್ತಿ ಎಂದುಕೊಂಡರು.

ಮುಂದೆ ಸೌಜನ್ಯ ಹುಟ್ಟಿದಳು, ಉಳಿದಳು, ಬೆಳೆದಳು. ಅವಳಿಗೆ ತನಗಿಂತ ಮೊದಲು ಒಬ್ಬಳಿದ್ದಳೆಂಬ ಸಂಗತಿ ತಿಳಿಯದು. ಸೌಜನ್ಯಳ ಮುಡಿ ತೆಗೆಸಿದ ವರ್ಷ ಅಕ್ಕಯ್ಯಮ್ಮ ಗಂಡನನ್ನು ಕೇಳಿದಳು. ಇನ್ನೇನು ಭಯ, ಒಂದು ಉಳಿಯಿತಲ್ಲ ಎಂದಳು. ಮುನಿಶಾಮಪ್ಪ ಎದ್ದು ರೇಷ್ಮೆ ಸಾಕುವ ಹುಳುಮನೆಗೆ ಹೋಗಿ ತಟ್ಟೆಗಳನ್ನು ಅತ್ತಿತ್ತ ಮಾಡತೊಡಗಿದ. ಅವನು ಒಳ್ಳೆಯವನು, ಕುಡಿತ ಕಾಣದವನು, ಕೈ ಎತ್ತದವನು. ಆದರೆ ಮನೆಯ ಕಷ್ಟದ ಮಾತುಗಳೆಲ್ಲ ಅವನ ಬಳಿ ಹೋಗಿ ರೇಷ್ಮೆಹುಳುವಿನ ಹಾಗೆ ಗೂಡು ಕಟ್ಟಿಕೊಂಡು ಒಳಗೇ ಕೂತುಬಿಡುತ್ತಿದ್ದವು.

ಆಮೇಲೆ ಕೆರೆಗೆ ನೀರು ಬಂತು. ಬೆಂಗಳೂರಿನಲ್ಲಿ ಬಳಸಿ ಬಿಟ್ಟದ್ದನ್ನೇ ಶುದ್ಧ ಮಾಡಿ ದೊಡ್ಡ ಕೊಳವೆಗಳಲ್ಲಿ ಈ ಕಡೆಯ ಕೆರೆಗಳಿಗೆ ಹರಿಸಿದರು. “ಬೆಂಗ್ಳೂರೋರು ಮಿಂದ ನೀರು ನಮಗೆ ತೀರ್ಥ” ಎಂದು ಊರಿನವರು ಕುಹಕವಾಡಿದರೂ ನೀರು ಬಂದ ದಿನ ಅವರೇ ತಮಟೆ ಬಾರಿಸಿದರು, ಬಾಗಿನ ಬಿಟ್ಟರು. ಸೀಳುಬಿಟ್ಟ ನೆಲದ ಮೇಲೆ ನೀರು ನಿಧಾನವಾಗಿ ಹರಡಿಕೊಳ್ಳುತ್ತ ಬರುವುದನ್ನು ಅಕ್ಕಯ್ಯಮ್ಮ ಏರಿಯ ಮೇಲಿನ ಜನರ ಮಧ್ಯೆ ನಿಂತು ನೋಡಿದಳು. ಸುತ್ತಲೂ ಕೇಕೆ. ನೆನೆಯುತ್ತದಲ್ಲ, ಎಂದುಕೊಂಡಳು. ಆ ಒಂದು ಮಾತು ಬಿಟ್ಟು ಬೇರೇನೂ ಆಗ ಅವಳಿಗೆ ಹೊಳೆಯಲಿಲ್ಲ.

ಮುನಿಶಾಮಪ್ಪ ಬಾಗಿನಕ್ಕೆ ಬರಲಿಲ್ಲ. ಪಾರ್ಕಿಗೂ ಬರಲಿಲ್ಲ. ಕರೆದಾಗಲೆಲ್ಲ ಹುಳು ಜ್ವರಕ್ಕೆ ಕುಳಿತಿವೆ, ಹುಳು ಜ್ವರದಿಂದ ಎದ್ದಿವೆ, ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡಬೇಕು ಎಂಬ ನೆಪ. ರೇಷ್ಮೆ ಸಾಕುವವರ ಮನೆಯಲ್ಲಿ ಆ ನೆಪಗಳಿಗೆ ಬರವಿಲ್ಲ. ಹುಳು ನಾಲ್ಕು ಸಲ ಜ್ವರಕ್ಕೆ ಕುಳಿತು ಪೊರೆ ಬಿಟ್ಟು ಏಳುವವರೆಗೂ, ಎದ್ದು ಹಣ್ಣಾಗಿ ಗೂಡು ಕಟ್ಟುವವರೆಗೂ ಮನೆಯವರು ಅವುಗಳ ಆಳುಗಳು. ಆದರೆ ಹೋದ ಚಳಿಗಾಲದಲ್ಲಿ ಮುನಿಶಾಮಪ್ಪ ಸೊಪ್ಪಿನ ಹೊರೆ ಇಳಿಸುವಾಗ ಎದೆ ಹಿಡಿದುಕೊಂಡು ಕುಸಿದ. ಆಸ್ಪತ್ರೆಯ ಬಾಗಿಲಲ್ಲಿ ಕಾಯುತ್ತಿದ್ದ ಅಕ್ಕಯ್ಯಮ್ಮನಿಗೆ ಗಂಡನ ಜೀವದ ಚಿಂತೆಯ ಕೆಳಗೆ ಇನ್ನೊಂದು ಚಿಂತೆಯೂ ಇತ್ತು. ಇವನು ಹೋದರೆ ಆ ಜಾಗವೂ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಅಂಥದನ್ನು ಯೋಚಿಸಿದ್ದಕ್ಕೆ ಅವಳಿಗೆ ನಾಚಿಕೆಯಾಯಿತು. ಆದರೂ ಯೋಚನೆ ಹೋಗಲಿಲ್ಲ.

ಅವನು ಉಳಿದು ಬಂದ. ಆಗಲೇ ಅವಳು ಗಟ್ಟಿ ಮಾಡಿಕೊಂಡಳು: ಒಂದು ಸಲ ಇವನನ್ನು ದೋಣಿಗೆ ಹತ್ತಿಸಬೇಕು. ನೀರಿನ ಮಧ್ಯದಿಂದ ಎದ್ದು ಹುಳುಮನೆಗೆ ಹೋಗಲಾಗುವುದಿಲ್ಲ.

ಆ ಭಾನುವಾರ ಸೌಜನ್ಯ ಗೌರಿಬಿದನೂರಿನಿಂದ ಬಂದಿದ್ದಳು. ಅವಳೂ ಅವಳ ಗಂಡ ಜಗನ್‌ನೂ ಕುಡುಮಲಕುಂಟೆಯ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕಿದ್ದರು; ಇಬ್ಬರಿಗೂ ಒಟ್ಟಿಗೆ ರಜೆ ಸಿಗುವುದೇ ಅಪರೂಪ. ಅವರ ಮಗಳು ಲಾವಣ್ಯ ಬಂದವಳೇ ಹಂಸದ ದೋಣಿ, ಹಂಸದ ದೋಣಿ ಎಂದು ಹಟ ಹಿಡಿದಳು. ಮನೆಯಲ್ಲಿ ಹುಳು ನಾಲ್ಕನೇ ಜ್ವರದಿಂದ ಎದ್ದು ಹಸಿವಿನಿಂದ ಸೊಪ್ಪು ಕತ್ತರಿಸುವ ಕಾಲ. ಆದರೂ ಮಧ್ಯಾಹ್ನದ ಸೊಪ್ಪು ಹಾಕಿದ ಮೇಲೆ ಸಂಜೆಯ ಸೊಪ್ಪಿನವರೆಗೆ ಬಿಡುವಿತ್ತು. ಅಕ್ಕಯ್ಯಮ್ಮ ಚಿತ್ರಾನ್ನ ಕಲಸಿ ಡಬ್ಬಿಗೆ ತುಂಬಿದಳು. ದೇವರ ಗೂಡಿನಿಂದ ಚಿಟಿಕೆ ಅರಿಶಿನ, ಕುಂಕುಮ, ಒಂದು ತುಂಡು ಕನಕಾಂಬರದ ದಂಡೆ ತೆಗೆದು, ಕಾಗದದಲ್ಲಿ ಸುತ್ತಿ ಸೆರಗಿಗೆ ಕಟ್ಟಿಕೊಂಡಳು.

“ತಾತ ಬರ್ಬೇಕು. ತಾತ ಬರ್ದಿದ್ರೆ ನಾನೂ ಹೋಗಲ್ಲ” ಎಂದಳು ಲಾವಣ್ಯ.

“ನಂಗೆ ಕೆಲ್ಸ ಐತೆ ಕಣಮ್ಮ.”

“ಏನ್ ಕೆಲ್ಸ? ಹುಳ ತಾನೇ ತಿಂತವೆ, ನೀನೇನ್ ತಿನ್ನುಸ್ತೀಯಾ ಬಾಯಿಗಿಟ್ಟು?”

ಜಗನ್ ಗಟ್ಟಿಯಾಗಿ ನಕ್ಕ. “ಬನ್ನಿ ಮಾವ, ಡಾಕ್ಟ್ರು ಗಾಳಿ ಸೇವನೆ ಮಾಡಿ ಅಂದಿಲ್ವಾ? ಈ ಗಾಳಿಗೆ ಫೀಸೂ ಇಲ್ಲ” ಎಂದ. ಮುನಿಶಾಮಪ್ಪ ಹೆಂಡತಿಯ ಕಡೆ ನೋಡಿದ. ಅಕ್ಕಯ್ಯಮ್ಮ ಡಬ್ಬಿಯ ಮುಚ್ಚಳ ಒತ್ತುವುದರಲ್ಲಿ ಮಗ್ನಳಾಗಿದ್ದಳು. ಅವನು ಶರ್ಟು ಹಾಕಿಕೊಂಡ.

ಪಾರ್ಕಿನಲ್ಲಿ ಅಂದು ಶಿಡ್ಲಘಟ್ಟದಿಂದಲೂ ಜನ ಬಂದಿದ್ದರು. ಪಾನಿಪುರಿ ಗಾಡಿ, ಹತ್ತಿಮಿಠಾಯಿಯವನು, ಫೋನು ಎತ್ತಿ ಹಿಡಿದು ಹಿಂದೆ ಹಿಂದೆ ನಡೆಯುವ ಹುಡುಗಿಯರು. ದೋಣಿಯ ಟಿಕೆಟು ಹರಿಯುತ್ತಿದ್ದವನು ನಲ್ಲಪ್ಪ, ಅದೇ ಊರಿನವನು; ಮುನಿಶಾಮಪ್ಪನಿಗೆ ವಾರಿಗೆಯವನು. ಅವನ ಮನೆಮಾತು ತೆಲುಗು. ನಾಲ್ಕು ಜನ ಕೂರುವ ದೋಣಿಗೆ ಮಗಳ ಸಂಸಾರ ಹತ್ತಿತು. ಇಬ್ಬರು ಕೂರುವುದೊಂದು ಖಾಲಿಯಿತ್ತು.

“ಏಮಪ್ಪಾ ಮುನಿಶಾಮಿ! ಮದ್ವೆ ಆದ್ಮೇಲೆ ಇಬ್ರೂ ಜೋಡಿಯಾಗಿ ಹೊರಟಿರೋದು ಇದೇ ಮೊದ್ಲು ಅಲ್ವಾ?” ಎಂದು ನಲ್ಲಪ್ಪ ಕಿತ್ತಳೆ ಬಣ್ಣದ ಲೈಫ್ ಜಾಕೆಟನ್ನು ಅವನ ಕೊರಳಿಗೆ ಹಾಕಿ, ಇನ್ನೊಂದನ್ನು ಅವಳಿಗೆ ಕೊಟ್ಟ. “ಅಕ್ಕಾ, ಗಟ್ಟಿಯಾಗಿ ಹಿಡ್ಕೋ. ನೀರಿಗೆ ಬಿದ್ರೆ ಎತ್ತೋದು ನಾನೇ, ಆಮೇಲೆ ಇವನು ನನ್ ಮೇಲೆ ಅನುಮಾನ ಪಡ್ತಾನೆ.”

“ನಿನ್ ಮಕ ನೋಡಿ ಅನುಮಾನ ಬೇರೆ ಪಡ್ತಾರಾ? ದೋಣಿ ತಳ್ಳು ಸುಮ್ನೆ” ಎಂದಳು ಅಕ್ಕಯ್ಯಮ್ಮ.

ದೋಣಿ ದಡ ಬಿಟ್ಟಿತು. ಸ್ವಲ್ಪ ದೂರದವರೆಗೂ ಇಬ್ಬರ ಕಾಲಿಗೂ ಹೊಂದಾಣಿಕೆ ಬರಲಿಲ್ಲ. ಒಬ್ಬರು ತುಳಿದಾಗ ಇನ್ನೊಬ್ಬರು ನಿಲ್ಲಿಸುತ್ತಿದ್ದರು. ಆಮೇಲೆ ದೋಣಿ ತಾನಾಗಿ ಒಂದು ಲಯಕ್ಕೆ ಬಂತು. ಲಾವಣ್ಯಳ ಕೂಗು ದೂರವಾಯಿತು. ನೀರಿನಿಂದ ಸಣ್ಣಗೆ ಸೋಪಿನಂಥ ವಾಸನೆ ಬರುತ್ತಿತ್ತು. ಕೆರೆಯ ನಡುಭಾಗಕ್ಕೆ ಬಂದಾಗ ಅಕ್ಕಯ್ಯಮ್ಮ ಪೆಡಲಿನಿಂದ ಕಾಲು ತೆಗೆದಳು.

“ಸೌಜಿ ಅಪ್ಪಾ.”

“ಹೂಂ.”

“ಎಲ್ಲಿ?”

ಅವನು ಏನು ಎಲ್ಲಿ ಎಂದು ಕೇಳಲಿಲ್ಲ. ಕೇಳದಿದ್ದುದೇ ಅವಳಿಗೆ ಧೈರ್ಯ ಕೊಟ್ಟಿತು.

“ಅತ್ತೆ ಹೋದ್ರು. ಸೌಜಿ ಹುಟ್ಟಿ ಅವಳಿಗೂ ಮಗಳಾದ್ಲು. ಮುಟ್ಟು ನಿಂತೇ ಎಷ್ಟೋ ಕಾಲ ಆಯ್ತು ನಂಗೆ. ಇನ್ನು ಯಾವ ಬಸಿರು ಕೆಡ್ತೈತೆ ಅಂತ ಮುಚ್ಚಿಡ್ತೀಯಾ? ನಾನೇನೂ ಅಳಲ್ಲ. ಇಂಥಾ ಕಡೆ ಅಂತ ತೋರ್ಸು, ಸಾಕು. ವಾರವಾರ ಬಂದು ಇಡೀ ಕೆರೆ ನೋಡ್ಕೊಂಡ್ ಕೂತ್ಕೋತೀನಿ. ಕಣ್ಣು ಎಲ್ಲಿ ನಿಲ್ಲಿಸ್ಬೇಕು ಅಂತ ಗೊತ್ತಾಗಲ್ಲ ನಂಗೆ.”

ಮುನಿಶಾಮಪ್ಪ ದೋಣಿಯ ಚುಕ್ಕಾಣಿಯನ್ನು ಅತ್ತಿತ್ತ ಆಡಿಸಿದ. ನೀರಿನಿಂದ ಮೇಲೆ ಚಾಚಿದ್ದ ಒಣಜಾಲಿಯ ಬೊಡ್ಡೆಯ ಮೇಲೆ ನೀರುಕಾಗೆಯೊಂದು ರೆಕ್ಕೆ ಒಣಗಿಸುತ್ತಿತ್ತು. ಅವನು ಆ ಕಡೆಗೆ ಕೈ ತೋರಿಸಿದ.

“ಅಲ್ಲಿ. ಆ ಬೊಡ್ಡೆಯಿಂದ ಈಚೆಗೆ.”

ದೋಣಿಯನ್ನು ಅವಳೇ ತುಳಿದು ಅಲ್ಲಿಗೆ ಒಯ್ದಳು. ಹಕ್ಕಿ ಹಾರಿಹೋಯಿತು. ಅಕ್ಕಯ್ಯಮ್ಮ ಸೆರಗಿನ ಗಂಟು ಬಿಚ್ಚಿದಳು. ಬಗ್ಗಲು ಲೈಫ್ ಜಾಕೆಟು ಅಡ್ಡ ಬಂದಿತು. ಅದನ್ನು ಎಡಗೈಯಿಂದ ಒತ್ತಿ ಹಿಡಿದು, ಬಲಗೈಯಿಂದ ಅರಿಶಿನ ಕುಂಕುಮವನ್ನು ನೀರಿಗೆ ಬಿಟ್ಟಳು. ಹೂವನ್ನು ನೀರಿನ ಮೇಲಿಟ್ಟು ಅಂಗೈಯಿಂದ ಮೆಲ್ಲಗೆ ಮುಂದಕ್ಕೆ ದೂಡಿದಳು. ಆಮೇಲೆ ತೊಟ್ಟಿಲು ತೂಗುವವರ ಹಾಗೆ ನೀರಿನ ಮೇಲೆ ಕೈಯಾಡಿಸುತ್ತ, “ಬಂದೆ ಕಣಮ್ಮ. ಗೊತ್ತಿರ್ಲಿಲ್ಲ ನಂಗೆ. ಗೊತ್ತಿದ್ರೆ ಬರ್ದೆ ಇರ್ತಿದ್ನಾ? ಇನ್ಮೇಲೆ ಬರ್ತೀನಿ” ಎಂದಳು. ಅಳುವುದಿಲ್ಲವೆಂದು ಹೇಳಿದ ಮಾತನ್ನು ಅವಳು ಉಳಿಸಿಕೊಂಡಳು. ಅವಳ ಮುಖದಲ್ಲಿ ಅಷ್ಟು ವರ್ಷ ಎಲ್ಲೂ ಇಳಿಸಲಾಗದಿದ್ದ ಹೊರೆಯನ್ನು ಇಳಿಸಿದವಳ ಆಯಾಸವೂ ಬಿಡುಗಡೆಯೂ ಒಟ್ಟಿಗೇ ಕಾಣುತ್ತಿದ್ದವು.

“ಅಲ್ಲಿಲ್ಲ ಕಣೇ” ಎಂದ ಮುನಿಶಾಮಪ್ಪ.

ಅವಳ ಕೈ ನೀರಿನಲ್ಲೇ ನಿಂತಿತು.

“ಸುಮ್ನೆ ಒಂದ್ ಕಡೆ ತೋರ್ಸ್‌ಬಿಟ್ಟೆ. ಮಗು ಅಲ್ಲಿಲ್ಲ. ಕೆರೇಲೇ ಇಲ್ಲ ಈಗ.”

ಅವನು ಮುಂದಿನದನ್ನು ಹೇಳಿದ್ದು ಅವಳ ಮುಖ ನೋಡಿಕೊಂಡಲ್ಲ, ಹಂಸದ ಬಿಳಿಯ ಕೊರಳನ್ನು ನೋಡಿಕೊಂಡು. ನಿಲ್ಲಿಸಿ ನಿಲ್ಲಿಸಿ, ಎಷ್ಟೋ ಸಲ ಒಳಗೇ ಹೇಳಿಕೊಂಡು ಸವೆದ ಮಾತುಗಳಲ್ಲಿ.

ಕೆರೆಗೆ ನೀರು ಬಿಡುವ ಮೊದಲು ಹೂಳು ತೆಗೆಸಿದ್ದರು. ಕೆರೆಯ ಗೋಡುಮಣ್ಣು ಹಿಪ್ಪುನೇರಳೆ ತೋಟಕ್ಕೆ ಚಿನ್ನದಂಥ ಗೊಬ್ಬರ. ಬೇಕಾದವರು ಟ್ರಾಕ್ಟರು ತಂದು ತುಂಬಿಕೊಂಡು ಹೋಗಬಹುದೆಂದು ಸಾರಿದ್ದರು. ಊರಿಗೆ ಊರೇ ಸರದಿಗೆ ನಿಂತಿತು. ಮಗುವನ್ನು ಇಟ್ಟಿದ್ದು ಅಂಗಳದ ನಡುವಿನ ಕಕ್ಕೆಮರದ ಬುಡದಲ್ಲಿ. ಜೆಸಿಬಿ ತಮ್ಮ ಸರದಿಯ ಹಿಂದಿನ ಸಂಜೆಯವರೆಗೂ ತೂಬಿನ ಕಡೆ ಅಗೆಯುತ್ತಿದ್ದುದನ್ನು ಅವನು ಕಣ್ಣಾರೆ ನೋಡಿದ್ದ. ನಡುವಿಗೆ ಬರಲು ಇನ್ನೂ ಸಮಯವಿದೆ, ಬಂದರೆ ಆ ಮರದ ಹತ್ತಿರ ಬೇಡವೆಂದು ಹೇಳಿದರಾಯಿತು ಎಂದುಕೊಂಡ. ತಮ್ಮ ಸರದಿ ಬಂದ ದಿನ ಅವನು ಕೆರೆಗೆ ಹೋಗಲಿಲ್ಲ. ಗೋಡು ಎಲ್ಲಿ ಸುರಿಯಬೇಕೆಂದು ತೋರಿಸಲು ತೋಟದಲ್ಲೇ ನಿಂತಿದ್ದ. ಟ್ರಾಕ್ಟರುಗಳು ಬಂದವು, ಸುರಿದವು, ಹೋದವು. ಸಂಜೆಗೆ ಟ್ರಾಕ್ಟರಿನ ಬ್ಲೇಡು ಹೊಡೆಸಿ, ಹೊಸ ಕಡ್ಡಿ ನೆಡಲು ಖಾಲಿ ಬಿಟ್ಟಿದ್ದ ತೋಟವಿಡೀ ಮಟ್ಟ ಮಾಡಿಸಿದ. ಮರುದಿನ ಕೆರೆಗೆ ಹೋಗಿ ನೋಡಿದರೆ ಕಕ್ಕೆಮರ ಬೇರು ಮೇಲಾಗಿ ಬಿದ್ದಿತ್ತು. ಅದಿದ್ದ ಕಡೆ ಆಳು ಮುಳುಗುವಷ್ಟು ಹೊಂಡ. ತೂಬಿನ ಕಡೆ ಬಂಡೆ ಸಿಕ್ಕಿದ್ದರಿಂದ ನಿನ್ನೆ ಬೆಳಿಗ್ಗೆಯೇ ಮಿಷನ್ನು ಈ ಕಡೆಗೆ ತಿರುಗಿಸಿದೆವೆಂದು ಡ್ರೈವರು ಹೇಳಿದ. ಆ ಹೊಂಡದ ಮಣ್ಣೆಲ್ಲ ಯಾರ ತೋಟಕ್ಕೆ ಹೋಯಿತೆಂದು ಮುನಿಶಾಮಪ್ಪ ಕೇಳಬೇಕಾಗಿರಲಿಲ್ಲ.

“ನಮ್ ತೋಟಕ್ಕೆ” ಎಂದಳು ಅಕ್ಕಯ್ಯಮ್ಮ.

“ಹೂಂ.”

“ತೋಟದಲ್ಲಿ ಎಲ್ಲಿ?”

“ಬ್ಲೇಡು ಹೊಡ್ಸಾಗಿತ್ತಲ್ಲ. ಎಲ್ಲಾ ಕಡೆಗೂ. ಕೈಯಲ್ಲಿ ಕೆದಕಿ ಕೆದಕಿ ನೋಡ್ದೆ. ಏನೂ ಸಿಗ್ಲಿಲ್ಲ. ಅಷ್ಟು ವರ್ಷ ಆಗಿತ್ತು, ಏನ್ ಉಳ್ದಿರ್ತೈತೆ? ನೀನು ಊಟ ತಂದೆ ಅವತ್ತು. ಏನ್ ಮಾಡ್ತಿದ್ದೀಯ ಅಂದೆ. ಕಲ್ಲು ಆಯ್ತಿದ್ದೀನಿ ಅಂದೆ ನಾನು.”

ಅವಳಿಗೆ ಆ ದಿನ ನೆನಪಾಯಿತು. ಮಂಡಿಯೂರಿ ಕುಳಿತಿದ್ದ ಗಂಡ, ಮಣ್ಣು ಮೆತ್ತಿದ ಮುಖ. ಕಲ್ಲಾಯಲು ಆಳುಗಳಿಗೆ ಬರವೇ, ಈ ಬಿಸಿಲಲ್ಲಿ ನಿನಗೇನು ಬಂತು ಎಂದು ಅವಳೇ ಗದರಿದ್ದಳು. ಆ ವರ್ಷ ಸೊಪ್ಪು ಕರ್ರಗೆ, ಅಂಗೈಯಗಲ ಬಂದಿತ್ತು. ಗೂಡಿನ ಮಾರುಕಟ್ಟೆಯಲ್ಲಿ ಅಂಥ ಗೂಡು ಬಂದಿಲ್ಲವೆಂದು ನೂಲು ತೆಗೆಯುವ ರೀಲರುಗಳು ಹೊಗಳಿದ್ದರು. ಗೋಡು ಹಾಕಿದ್ದು ಸಾರ್ಥಕವಾಯಿತೆಂದು ಅವಳು ಅಕ್ಕಪಕ್ಕದ ಮನೆಗಳಲ್ಲೆಲ್ಲ ಹೇಳಿಕೊಂಡು ಬಂದಿದ್ದಳು. ಅವನ ಎದುರಿಗೂ ಹೇಳಿದ್ದಳು, ಒಂದು ಸಲವಲ್ಲ.

ಹೂವಿನ ದಂಡೆ ಇನ್ನೂ ಮುಳುಗಿರಲಿಲ್ಲ. ದೋಣಿಯ ಪಕ್ಕದಲ್ಲೇ ತೇಲುತ್ತ ಮತ್ತೆ ಮತ್ತೆ ಬಂದು ತಾಗುತ್ತಿತ್ತು. ಅಕ್ಕಯ್ಯಮ್ಮ ಅದನ್ನು ನೋಡಿದಳು, ಎತ್ತಿಕೊಳ್ಳಲಿಲ್ಲ. ಕೈಯ ನೀರನ್ನು ಸೀರೆಗೆ ಒರೆಸಿಕೊಂಡು ಪೆಡಲಿನ ಮೇಲೆ ಕಾಲಿಟ್ಟಳು.

ದಡದಲ್ಲಿ ನಲ್ಲಪ್ಪ ಹಗ್ಗ ಹಿಡಿದು ನಿಂತಿದ್ದ. “ಏನಕ್ಕಾ, ಹೋಗೋವಾಗ ಅಷ್ಟೊಂದ್ ಮಾತು, ಬರೋವಾಗ ಇಬ್ರೂ ಬಾಯಿಗೆ ಬೀಗ? ಜಗಳ ಆಡೋಕೆ ನಮ್ ದೋಣಿನೇ ಬೇಕಾಗಿತ್ತಾ?”

“ತಲೆ ಸುತ್ತು ಕಣಪ್ಪ” ಎಂದಳು ಅವಳು.

ಬೆಂಚಿನ ಮೇಲೆ ಡಬ್ಬಿ ಬಿಚ್ಚಿ ಎಲ್ಲರಿಗೂ ಚಿತ್ರಾನ್ನ ಹಾಕಿದಳು. ಲಾವಣ್ಯಳಿಗೆ ಮೆಣಸಿನಕಾಯಿ ಆಯ್ದು ತೆಗೆದು ಕೊಟ್ಟಳು. ಸೌಜನ್ಯ ಫೋನು ಎತ್ತಿ, “ಅಪ್ಪಾ, ಅಮ್ಮನ ಪಕ್ಕಕ್ಕೆ ಬಾ. ಅಮ್ಮಾ, ನಗಮ್ಮ ಸ್ವಲ್ಪ, ಪಾಸ್‌ಪೋರ್ಟ್ ಫೋಟೋ ಥರ ಕೂತಿದ್ದೀಯಲ್ಲ” ಎಂದಳು. ಅಕ್ಕಯ್ಯಮ್ಮ ತುಟಿ ಅಗಲಿಸಿದಳು. ಅವಳ ಬೆನ್ನ ಹಿಂದೆ ಕೆರೆ ಸಂಜೆಯ ಬಿಸಿಲಿಗೆ ತಗಡಿನ ಹಾಗೆ ಹೊಳೆಯುತ್ತಿತ್ತು. ಅವಳು ತಿರುಗಿ ನೋಡಲಿಲ್ಲ. ನೋಡಲು ಅಲ್ಲಿ ಇನ್ನೇನೂ ಇರಲಿಲ್ಲ.

ಮನೆಗೆ ಬಂದಾಗ ಹುಳುಗಳು ಸೊಪ್ಪಿನ ದಂಟನ್ನಷ್ಟೇ ಉಳಿಸಿ, ಹಸಿದು ತಲೆ ಎತ್ತಿ ಆಡಿಸುತ್ತಿದ್ದವು. ಮಧ್ಯಾಹ್ನ ಕೊಯ್ದ ಸೊಪ್ಪು ಮುಗಿದಿತ್ತು. ಮುನಿಶಾಮಪ್ಪ ಕುಡುಗೋಲು ತೆಗೆದುಕೊಂಡು ತೋಟಕ್ಕೆ ಹೊರಟ. ಅವನ ಹಿಂದೆ ಅಕ್ಕಯ್ಯಮ್ಮನೂ ಹೊರಟಳು.

“ನೀನ್ ಯಾಕ್ ಬಂದೆ? ಹೋಗು ಮನೆಗೆ. ನಾನು ಕೊಯ್ಕೊಂಡ್ ಬರ್ತೀನಿ” ಎಂದ ಅವನು, ತೋಟದ ಬದುವಿನ ಮೇಲೆ ನಿಂತು.

ಅವಳೂ ಬದುವಿನ ಮೇಲೆ ಬಂದು ನಿಂತಳು. ತೋಟ ಎದುರಿಗಿತ್ತು, ಸಾಲು ಸಾಲಾಗಿ, ಎದೆಯುದ್ದ, ಗಾಳಿಗೆ ಎಲೆ ಮಗುಚಿ ತಳದ ಬಿಳುಪು ತೋರಿಸುತ್ತ. ಅವಳೇ ಕಡ್ಡಿ ನೆಟ್ಟ ತೋಟ. ಕಳೆ ಕಿತ್ತದ್ದು, ನೀರು ಕಟ್ಟಿದ್ದು, ಮಳೆ ಬಂದಾಗ ತಾಡಪಾಲು ಹೊದ್ದು ಸೊಪ್ಪು ಕೊಯ್ದದ್ದು ಎಲ್ಲ ಇಲ್ಲೇ. ಬದುವಿನಿಂದ ಒಳಕ್ಕೆ ಇಡಬೇಕಾದ ಒಂದು ಹೆಜ್ಜೆಯನ್ನು ಇಡಲು ಅವಳಿಗೆ ಆಗಲಿಲ್ಲ.

“ಅಲ್ಲೇ ಅಂತ ಹೇಳಿ ಸುಮ್ನಾಗ್ಬೇಕಿತ್ತು ನೀನು” ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. “ನಂಗೇನ್ ಗೊತ್ತಾಗ್ತಿತ್ತು? ವಾರಕ್ಕೊಂದ್ ದಿನ ಹೋಗಿ ಆ ಬೊಡ್ಡೆ ನೋಡ್ಕೊಂಡ್ ಬರ್ತಿದ್ದೆ. ಸಾಯೋವರ್ಗೂ ಅಷ್ಟು ಸಾಕಾಗಿತ್ತು ನಂಗೆ.”

“ಹಂಗೇ ಅಂದ್ಕೊಂಡೇ ತೋರಿಸ್ದೆ. ನೀನು ಮಾತಾಡಿಸ್ದೆಯಲ್ಲ… ಬರೀ ನೀರನ್ನ. ತಡ್ಕೊಳಕ್ಕಾಗ್ಲಿಲ್ಲ.”

“ನೀನ್ ಹೆಂಗ್ ತಡ್ಕೊಂಡೆ? ಅವತ್ತಿಂದ ದಿನಾ ಇಲ್ಲಿ ಬಂದು ಕೊಯ್ತೀಯಲ್ಲ.”

ಮುನಿಶಾಮಪ್ಪ ಕುಡುಗೋಲಿನ ಬಾಯಿಯನ್ನು ಹೆಬ್ಬೆರಳಿನಿಂದ ಸವರಿ ನೋಡಿಕೊಂಡ. “ಕೊಯ್ದೇ ಇದ್ರೆ ಹುಳ ಸಾಯ್ತವಲ್ಲ” ಎಂದ.

ಅವನು ಮೊದಲ ಸಾಲಿಗೆ ಇಳಿದು ಕೊಯ್ಯತೊಡಗಿದ. ಕುಡುಗೋಲು ರೆಂಬೆಗೆ ತಾಗುವ ಒಂದೊಂದು ಸದ್ದಿಗೂ ಬದುವಿನ ಮೇಲೆ ನಿಂತವಳ ಹೆಗಲು ಸಣ್ಣಗೆ ಅದುರುತ್ತಿತ್ತು. ಅವನ ಉಸಿರು ಬೇಗನೆ ಭಾರವಾಯಿತು. ಆಸ್ಪತ್ರೆಯಿಂದ ಬಂದ ಮೇಲೆ ಹಾಗೇ. ಒಂದು ಕೈ ಎದೆಯ ಮೇಲಿಟ್ಟು ನಿಂತು, ಸುಧಾರಿಸಿಕೊಂಡು, ಮತ್ತೆ ಬಗ್ಗಿದ. ಅದನ್ನು ನೋಡಿ ಅಕ್ಕಯ್ಯಮ್ಮ ಬದುವಿನಿಂದ ಇಳಿದಳು. ಅವನ ಕೈಯಿಂದ ಕುಡುಗೋಲು ತೆಗೆದುಕೊಂಡಳು. ಅವನು ತಡೆಯಲಿಲ್ಲ; ಬದುವಿಗೆ ಹೋಗಿ ಕುಳಿತ.

ಕತ್ತಲಾಗುವ ಮುನ್ನ ಹೊರೆಗಾಗುವಷ್ಟು ಸೊಪ್ಪಾಯಿತು. ಹಗ್ಗ ಬಿಗಿಯುವಾಗ ಕೆಲವು ಎಲೆಗಳು ಜಾರಿ ಕೆಳಗೆ ಬಿದ್ದವು. ಬೆಳಿಗ್ಗೆ ನೀರು ಹಾಯಿಸಿದ್ದರಿಂದ ನೆಲ ಹಸಿಯಾಗಿತ್ತು. ಮಣ್ಣು ತಾಗಿದ ಸೊಪ್ಪನ್ನು ಹುಳುವಿಗೆ ಹಾಕುವಂತಿಲ್ಲ, ರೋಗ ಬರುತ್ತದೆ. ಬಿದ್ದದ್ದನ್ನು ಬಿದ್ದಲ್ಲೇ ಬಿಡುವುದು ಎಲ್ಲರ ಪದ್ಧತಿ. ಅಕ್ಕಯ್ಯಮ್ಮ ಕುಕ್ಕರುಗಾಲಿನಲ್ಲಿ ಕುಳಿತು ಆ ಎಲೆಗಳನ್ನು ಒಂದೊಂದಾಗಿ ಎತ್ತಿಕೊಂಡಳು. ಅಂಟಿದ್ದ ಕಪ್ಪು ಮಣ್ಣನ್ನು ಕೊಡವಲಿಲ್ಲ.

“ಅವು ಬ್ಯಾಡ ಕಣೇ, ಮಣ್ಣಾಗವೆ” ಎಂದ ಮುನಿಶಾಮಪ್ಪ ಬದುವಿನ ಮೇಲಿಂದ.

“ಹುಳಕ್ಕಲ್ಲ” ಎಂದಳು.

ಎಲೆಗಳನ್ನು ಮಣ್ಣುಸಮೇತ ಸೀರೆಯ ಮಡಿಲಿಗೆ ಹಾಕಿ, ತುದಿಯನ್ನು ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು. ಆಮೇಲೆ ಹೊರೆಯ ಮುಂದೆ ಬಂದು ನಿಂತು, ಎತ್ತಿಕೊಡಲು ಗಂಡನನ್ನು ಕರೆದಳು.